ಉಬ್ಬಸ ಇಲ್ಲದ ದಿನವೂ ಅಸ್ತಮಾ ಇರುತ್ತದೆ

ಮೊದಲು ಒಂದು ಸಣ್ಣ ಪ್ರಯೋಗ. ಅಸ್ತಮಾ ಇಲ್ಲದವರಿಗೆ ಮಾತ್ರ. ಇರುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಎದೆ ತುಂಬ ಉಸಿರು ಎಳೆದುಕೊಳ್ಳಿ. ಅದರಲ್ಲಿ ಚೂರೇ ಚೂರು ಹೊರಗೆ ಬಿಡಿ. ಪೂರ್ತಿ ಬಿಡಬೇಡಿ, ಅಷ್ಟರಲ್ಲೇ ಮತ್ತೆ ಎಳೆದುಕೊಳ್ಳಿ. ಮತ್ತೆ ಚೂರು ಬಿಡಿ, ಮತ್ತೆ ಎಳೆಯಿರಿ. ನಾಲ್ಕನೇ ಸಲಕ್ಕೆ ಎದೆ ಬಿಗಿದು, ಹೆಗಲು ಕಿವಿಯ ಹತ್ತಿರ ಬಂದು, ಒಳಗೆ ಇನ್ನು ಜಾಗವೇ ಇಲ್ಲ ಅನ್ನಿಸುತ್ತದೆ. ಗಾಳಿ ಬೇಕು ಅಂತ ಜೀವ ಒದ್ದಾಡುತ್ತದೆ. ಎದೆಯಲ್ಲಿ ತುಂಬಿರುವುದೂ ಗಾಳಿಯೇ.

ದಮ್ಮು ಕಟ್ಟಿದಾಗ ಆಗುವುದು ಹೆಚ್ಚುಕಡಿಮೆ ಇದೇ. ನೋಡುವವರಿಗೆ ಗಾಳಿ ಒಳಗೆ ಹೋಗುತ್ತಿಲ್ಲ ಅನ್ನಿಸುತ್ತದೆ. ನಿಜವಾದ ತೊಂದರೆ ಇರುವುದು ಹೊರಗೆ ಬಿಡುವುದರಲ್ಲಿ. ಉಸಿರು ಎಳೆಯುವಾಗ ಎದೆ ಹಿಗ್ಗುತ್ತದೆ, ಅದರ ಜೊತೆ ಒಳಗಿನ ಕೊಳವೆಗಳೂ ಸ್ವಲ್ಪ ಅಗಲವಾಗುತ್ತವೆ. ಬಿಡುವಾಗ ಮತ್ತೆ ಕಿರಿದಾಗುತ್ತವೆ. ಮೊದಲೇ ಕಿರಿದಾದ ಕೊಳವೆ ಆಗ ಮುಚ್ಚಿಕೊಳ್ಳುವಷ್ಟು ಹತ್ತಿರ ಬರುತ್ತದೆ, ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಸುಯ್ ಸುಯ್ ಸದ್ದು ಹೆಚ್ಚಾಗಿ ಉಸಿರು ಬಿಡುವಾಗಲೇ ಕೇಳಿಸುವುದು ಅದಕ್ಕೇ.

ಕೊಳವೆ ಕಿರಿದಾಗಲು ಮೂರು ಕಾರಣಗಳಿವೆ. ಅದರ ಸುತ್ತ ಇರುವ ಸ್ನಾಯು ಹಿಂಡುತ್ತದೆ. ಒಳಗಿನ ಪದರ ಊದಿಕೊಳ್ಳುತ್ತದೆ. ಉಳಿದ ಸಂದಿಯಲ್ಲಿ ಅಂಟು ಕಫ ತುಂಬಿಕೊಳ್ಳುತ್ತದೆ. ಅಗಲ ಅರ್ಧ ಆದರೆ ಕಷ್ಟ ಎರಡು ಪಟ್ಟು ಆಗಬಹುದು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಭೌತಶಾಸ್ತ್ರದ ಲೆಕ್ಕ ಅಷ್ಟು ಕರುಣೆ ತೋರಿಸುವುದಿಲ್ಲ. ಗಾಳಿ ಸಮನಾಗಿ ಹರಿಯುವ ಕೊಳವೆಯಲ್ಲಿ ಅಗಲ ಅರ್ಧಕ್ಕಿಳಿದರೆ ಅಡೆತಡೆ 16 ಪಟ್ಟು ಏರುತ್ತದೆ. ಚಿಕ್ಕ ಮಕ್ಕಳ ಕೊಳವೆ ಮೊದಲೇ ಸಣ್ಣದು. ಹಾಗಾಗಿ ಚೂರು ಊತಕ್ಕೇ ಅವರು ಏದುಸಿರು ಬಿಡುತ್ತಾರೆ.

ಈ ಮೂರರಲ್ಲಿ ಸ್ನಾಯುವಿನ ಹಿಡಿತ ನಿಮಿಷಗಳಲ್ಲಿ ಬಂದು ಹೋಗುತ್ತದೆ. ಊತ ಹಾಗಲ್ಲ. ಅದು ಉಬ್ಬಸ ಇಲ್ಲದ ದಿನವೂ ಇರುತ್ತದೆ, ಬೂದಿ ಮುಚ್ಚಿದ ಕೆಂಡದ ಹಾಗೆ. ಧೂಳು, ಹೊಗೆ, ಶೀತ, ತಣ್ಣನೆ ಗಾಳಿ, ಜೋರು ನಗು, ಯಾವುದೋ ಒಂದು ಬಂದು ಬೂದಿ ಊದಿದಾಗ ಭಗ್ಗನೆ ಹತ್ತಿಕೊಳ್ಳುತ್ತದೆ. ಅಸ್ತಮಾ ಸಂಶೋಧನೆಯ ಇತಿಹಾಸ ಎಂದರೆ ಒಂದು ರೀತಿಯಲ್ಲಿ ಈ ಕೆಂಡವನ್ನು ಕಂಡುಹಿಡಿದ ಕಥೆ. ಅದಕ್ಕೆ ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು, ಸಾಕಷ್ಟು ಜೀವಗಳೂ ಹೋದವು.

ಸ್ನಾಯುವಿನ ಹಿಂದೆ ಬಿದ್ದ ಕಾಲ

1860ರಲ್ಲಿ ಹೆನ್ರಿ ಹೈಡ್ ಸಾಲ್ಟರ್ ಎಂಬ ಇಂಗ್ಲಿಷ್ ವೈದ್ಯರು ಅಸ್ತಮಾ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅವರಿಗೇ ಅಸ್ತಮಾ ಇತ್ತು. ಬೆಕ್ಕಿನ ಹತ್ತಿರ ಹೋದರೆ ಉಬ್ಬಸ ಬರುತ್ತದೆ ಅಂತ ಗುರುತಿಸಿದ್ದರು. ಗಟ್ಟಿ ಕಾಫಿ ಒಳ್ಳೆಯ ಮದ್ದು ಅಂತಲೂ ಬರೆದರು. ಅದು ಬರೀ ನಂಬಿಕೆ ಆಗಿರಲಿಲ್ಲ. ಕಾಫಿಯಲ್ಲಿರುವ ಕೆಫೀನ್ ಮತ್ತು ಮುಂದೆ ಅಸ್ತಮಾಗೆ ಬಳಸಿದ ಥಿಯೋಫಿಲಿನ್ ದಾಯಾದಿಗಳು. ಎರಡೂ ಆ ಸ್ನಾಯುವನ್ನು ಸಡಿಲಿಸುತ್ತವೆ, ಕೆಫೀನ್ ಸ್ವಲ್ಪ ಕಡಿಮೆ. ಇನ್ನೊಂದು ವಿಚಿತ್ರವೂ ನಡೆದಿತ್ತು. ದತ್ತೂರಿ ಎಲೆ ತುಂಬಿದ 'ಅಸ್ತಮಾ ಸಿಗರೇಟು' ಇಪ್ಪತ್ತನೇ ಶತಮಾನದಲ್ಲೂ ಮಾರಾಟವಾಗುತ್ತಿತ್ತು. ದತ್ತೂರಿಯ ಅಟ್ರೊಪಿನ್ ಕೂಡ ಸ್ನಾಯು ಸಡಿಲಿಸುವಂಥದ್ದೇ. ಆದರೆ ಅದನ್ನು ತಲುಪಿಸಲು ಊದಿದ ಶ್ವಾಸಕೋಶಕ್ಕೆ ಹೊಗೆ ಹಾಕಬೇಕಿತ್ತು!

ನಡುವೆ ಬಹಳ ವರ್ಷ ಅಸ್ತಮಾ ಮನಸ್ಸಿನ ಕಾಯಿಲೆ ಅಂತಲೂ ಹೇಳುತ್ತಿದ್ದರು. ಅತಿ ಮುದ್ದಿನ ತಾಯಿ, ಒಳಗೆ ತಡೆದ ಅಳು, ಹೀಗೆಲ್ಲ ವಿವರಣೆ ಕೊಟ್ಟರು. ಆತಂಕ ಬಂದರೆ ಉಸಿರು ಕೆಡುತ್ತದೆ ಎಂಬುದು ಸರಿ. ಆದರೆ ಅದೇ ಮೂಲ ಕಾರಣ ಅಂದುಕೊಂಡದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಎಷ್ಟು ಮಕ್ಕಳು, ಎಷ್ಟು ತಾಯಂದಿರು ಸುಮ್ನೆ ಅಪವಾದ ಹೊತ್ತರೋ.

ಇನ್ಹೇಲರ್ ಬಂದದ್ದು 1956ರಲ್ಲಿ. ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಎಂಬ ಕಂಪನಿಯ ಮುಖ್ಯಸ್ಥರಾಗಿದ್ದ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳಿಗೆ ಅಸ್ತಮಾ ಇತ್ತು. ಆಗ ಗಾಜಿನ ಬುರುಡೆಯಲ್ಲಿ ಔಷಧಿ ಹಾಕಿ, ರಬ್ಬರ್ ಉಂಡೆ ಹಿಸುಕಿ ಎಳೆದುಕೊಳ್ಳಬೇಕಿತ್ತು. ಕೂದಲಿಗೆ ಹೊಡೆಯುವ ಸ್ಪ್ರೇ ಹಾಗೆ ನನ್ನ ಔಷಧಿಯೂ ಯಾಕೆ ಬರಬಾರದು ಅಂತ 1955ರಲ್ಲಿ ಅವಳು ಕೇಳಿದಳು. ಮಾರನೇ ವರ್ಷ ಒತ್ತಿದರೆ ಅಳತೆ ಪ್ರಕಾರ ಒಂದೇ ಡೋಸ್ ಹೊರಡುವ ಪಂಪ್ ತಯಾರಾಯಿತು. ಇವತ್ತಿಗೂ ಅದರ ಮೂಲ ವಿನ್ಯಾಸ ಹೆಚ್ಚು ಬದಲಾಗಿಲ್ಲ.

ಅಷ್ಟು ಒಳ್ಳೆಯ ಸಾಧನದಲ್ಲಿ ಹಾಕಿದ್ದು ಸ್ನಾಯು ಸಡಿಲಿಸುವ ಔಷಧಿಯನ್ನು ಮಾತ್ರ. ಒತ್ತಿದ ಕೆಲವೇ ನಿಮಿಷದಲ್ಲಿ ಉಸಿರು ಬಿಚ್ಚಿಕೊಳ್ಳುತ್ತದೆ. ಯಾರಿಗೆ ಬೇಡ? ಆದರೆ 1960ರ ದಶಕದಲ್ಲಿ ಇಂಗ್ಲೆಂಡ್, ವೇಲ್ಸ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಅಸ್ತಮಾದಿಂದ ಸಾಯುವವರ ಸಂಖ್ಯೆ ಇದ್ದಕ್ಕಿದ್ದಂತೆ ಏರಿತು, ಅದೂ ಎಳೆಯರಲ್ಲಿ. ಅನುಮಾನ ಹೋದದ್ದು ಐಸೊಪ್ರೆನಲಿನ್ ಎಂಬ ಔಷಧಿಯ ಹೆಚ್ಚು ಶಕ್ತಿಯ ಪಂಪ್ ಮೇಲೆ. ಎಚ್ಚರಿಕೆ ಕೊಟ್ಟ ಮೇಲೆ ಸಾವು ಇಳಿಯಿತು. 1976ರ ನಂತರ ನ್ಯೂಜಿಲೆಂಡ್‌ನಲ್ಲಿ ಮತ್ತೆ ಅದೇ ಕಥೆ. ಈ ಸಲ ಔಷಧಿ ಫೆನೊಟೆರಾಲ್. 1989ರಲ್ಲಿ ಅಲ್ಲಿನ ಸಂಶೋಧಕರು ಸಾವಿಗೂ ಆ ಪಂಪ್‌ಗೂ ಇರುವ ನಂಟು ತೋರಿಸಿದರು, ಬಳಕೆಗೆ ಕಡಿವಾಣ ಬಿತ್ತು, ಸಾವು ಇಳಿಯಿತು. ಔಷಧಿಯೇ ಹೃದಯಕ್ಕೆ ಪೆಟ್ಟು ಕೊಟ್ಟಿತೋ, ಅಥವಾ ತಾತ್ಕಾಲಿಕ ಆರಾಮ ಸಿಕ್ಕಿದ್ದರಿಂದ ಜನ ಆಸ್ಪತ್ರೆಗೆ ಹೋಗಲು ತಡ ಮಾಡಿದರೋ ಅಂತ ಬಹಳ ವಾದ ನಡೆದಿದೆ. ಎರಡೂ ಸೇರಿರಬಹುದು ಅಂತ ನನಗನ್ನಿಸುತ್ತದೆ. ಯಾವುದೇ ಆದರೂ, ಸ್ನಾಯು ಸಡಿಲಿಸುತ್ತಾ ಕೂತರೆ ಒಳಗಿನ ಊತ ತನ್ನ ಪಾಡಿಗೆ ತಾನು ಬೆಳೆಯುತ್ತಿರುತ್ತದೆ.

1980ರ ದಶಕದಲ್ಲಿ ತೆಳು ಟ್ಯೂಬ್ ಇಳಿಸಿ ಉಸಿರುನಾಳದ ಒಳಪದರದ ಚೂರು ತೆಗೆದು ನೋಡಲು ಶುರು ಮಾಡಿದಾಗ ಅದು ಕಣ್ಣಿಗೇ ಕಂಡಿತು. ಕಾಯಿಲೆ ಸೌಮ್ಯವಾಗಿದ್ದವರಲ್ಲೂ, ಆರಾಮಾಗಿ ಓಡಾಡಿಕೊಂಡಿದ್ದವರಲ್ಲೂ ಪದರ ಹಾಳಾಗಿತ್ತು.

ಊತಕ್ಕೆ ಮದ್ದು ಅದಕ್ಕೂ ಮೊದಲೇ ಬಂದಿತ್ತು. 1972ರಲ್ಲಿ ಬೆಕ್ಲೊಮೆಥಾಸೋನ್ ಎಂಬ ಸ್ಟೀರಾಯ್ಡ್ ಇನ್ಹೇಲರ್ ರೂಪದಲ್ಲಿ ಸಿಕ್ಕಿತು. ಇದರಿಂದ ಕೂಡಲೇ ಏನೂ ಆದಂತೆ ಅನ್ನಿಸುವುದಿಲ್ಲ. ದಿನಾ ತೆಗೆದುಕೊಳ್ಳಬೇಕು, ದಿನಗಟ್ಟಲೆ ಕಾಯಬೇಕು. ಹಾಗಾಗಿ ಜನ ಇದನ್ನು ಮೂಲೆಗಿಟ್ಟು ಕೂಡಲೇ ಆರಾಮ ಕೊಡುವ ಪಂಪನ್ನು ಜೇಬಿನಲ್ಲಿಟ್ಟರು. ಕೆನಡಾದ ಸಸ್ಕಾಚವಾನ್ ಪ್ರಾಂತ್ಯದ ದಾಖಲೆ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ವರ್ಷದಲ್ಲಿ ಸ್ಟೀರಾಯ್ಡ್ ಇನ್ಹೇಲರ್‌ನ ಒಂದೊಂದು ಡಬ್ಬಿ ಜಾಸ್ತಿ ಬಳಸಿದಂತೆ ಅಸ್ತಮಾದಿಂದ ಸಾಯುವ ಸಂಭವ 21 ಶೇಕಡಾ ಇಳಿಯುತ್ತಾ ಹೋಗಿತ್ತು.

ಬ್ರಿಟನ್‌ನಲ್ಲಿ 2014ರಲ್ಲಿ ಬಂದ ವರದಿ ಓದುವಾಗ ಹೊಟ್ಟೆ ಕಿವುಚಿದಂತಾಗುತ್ತದೆ. ಅಸ್ತಮಾದಿಂದ ಆದ 195 ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಸುಮಾರು ಮೂರರಲ್ಲಿ ಎರಡು ಸಾವುಗಳಲ್ಲಿ, ಸರಿಯಾಗಿ ನಡೆದಿದ್ದರೆ ತಪ್ಪಿಸಬಹುದಿತ್ತು ಎನ್ನುವಂಥ ಅಂಶ ಸಿಕ್ಕಿತು. ಸ್ನಾಯು ಸಡಿಲಿಸುವ ಪಂಪ್ ಬರೆಸಿಕೊಂಡಿದ್ದ 189 ಜನರಲ್ಲಿ 39 ಜನ ಹಿಂದಿನ ವರ್ಷ 12ಕ್ಕಿಂತ ಜಾಸ್ತಿ ಪಂಪ್ ಬರೆಸಿಕೊಂಡಿದ್ದರು. ತೀವ್ರತೆ ದಾಖಲಾಗಿದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಇದ್ದದ್ದು ಸೌಮ್ಯ ಅಥವಾ ಮಧ್ಯಮ ಅಸ್ತಮಾ. 'ನನ್ನದು ಅಂಥಾ ದೊಡ್ಡದೇನಲ್ಲ' ಎನ್ನುವವರ ಗುಂಪು ಅದು.

ಕೊನೆಗೆ 2019ರಲ್ಲಿ ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ ರೂಪಿಸುವ ಜಿನಾ ಸಂಸ್ಥೆ ತನ್ನ ಸಲಹೆಯನ್ನೇ ತಿರುಗಿಸಿತು. ದೊಡ್ಡವರಿಗೆ, ಹದಿಹರೆಯದವರಿಗೆ ಬರೀ ಸ್ನಾಯು ಸಡಿಲಿಸುವ ಪಂಪ್ ಕೊಡಬೇಡಿ, ಜೊತೆಗೆ ಸ್ಟೀರಾಯ್ಡ್ ಇರಲೇಬೇಕು ಎಂದಿತು. ಇದರ ಹಿಂದೆ ಒಂದು ಜಾಣ ಉಪಾಯವಿದೆ. ಜನ ದಿನಾ ತೆಗೆದುಕೊಳ್ಳಬೇಕಾದದ್ದನ್ನು ಮರೆಯುತ್ತಾರೆ, ಉಬ್ಬಸ ಬಂದಾಗ ಮಾತ್ರ ಪಂಪ್ ಹುಡುಕುತ್ತಾರೆ. ಸರಿ, ಹಾಗಾದರೆ ಆ ಪಂಪಿನೊಳಗೇ ಎರಡನ್ನೂ ಸೇರಿಸಿದರೆ? ಫಾರ್ಮೊಟೆರಾಲ್ ಸ್ನಾಯು ಬಿಡಿಸುತ್ತದೆ, ಜೊತೆಯ ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡ್ ಊತಕ್ಕೆ ಕೈ ಹಾಕುತ್ತದೆ. 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ, ಬೇಕಾದಾಗ ಮಾತ್ರ ಇದನ್ನು ಎಳೆದುಕೊಂಡರೂ ಅಸ್ತಮಾ ಜೋರಾಗಿ ಕೆರಳುವುದು ಗಣನೀಯವಾಗಿ ಕಡಿಮೆಯಾಯಿತು. ಮನುಷ್ಯನ ಅಭ್ಯಾಸ ತಿದ್ದುವ ಬದಲು ಔಷಧಿಯನ್ನೇ ಅಭ್ಯಾಸಕ್ಕೆ ಹೊಂದಿಸಿದ್ದು ನನಗೆ ಬಹಳ ಹಿಡಿಸಿತು.

ಕೆಂಡ ಬಂದದ್ದು ಎಲ್ಲಿಂದ?

ಅಸ್ತಮಾ ಯಾಕೆ ಬರುತ್ತದೆ ಎಂಬ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಇಲ್ಲ. ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಬೇಕು. ಕಾಯಿಲೆ ಹುಟ್ಟಲು ಕಾರಣ ಒಂದು. ಹುಟ್ಟಿದ ಕಾಯಿಲೆಯನ್ನು ಕೆರಳಿಸುವುದು ಇನ್ನೊಂದು. ತಣ್ಣನೆ ಗಾಳಿ ಉಬ್ಬಸ ತರಬಹುದು, ಆದರೆ ಅದು ಯಾರಿಗೂ ಹೊಸದಾಗಿ ಅಸ್ತಮಾ ಹುಟ್ಟಿಸುವುದಿಲ್ಲ.

ಮನೆತನದಲ್ಲಿ ಹರಿದು ಬರುತ್ತದೆ ಎಂಬುದು ಹಳೆಯ ಅನುಭವ. ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಟ್ರಿಸ್ಟಾನ್ ಡ ಕುನ್ಯಾ ಎಂಬ ಒಂಟಿ ದ್ವೀಪವಿದೆ. ಇನ್ನೂರೈವತ್ತರ ಆಸುಪಾಸು ಜನ, ಎಲ್ಲರೂ ಬೆರಳೆಣಿಕೆಯ ಕೆಲವೇ ಹಿರಿಯರ ಸಂತತಿ. ಅಲ್ಲಿ ಅಸ್ತಮಾ ಇರುವವರು ಎಷ್ಟು ಜಾಸ್ತಿ ಅಂದರೆ 1990ರ ದಶಕದಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಹಡಗು ಹತ್ತಿ ಹೋಗಿ ರಕ್ತದ ಮಾದರಿ ತಂದರು. ಮೊದಲು ಬಂದು ನೆಲೆಸಿದವರಲ್ಲಿ ಕೆಲವರಿಗೆ ಈ ಕಾಯಿಲೆ ಇತ್ತು, ಅದು ತಲೆಮಾರಿನಿಂದ ತಲೆಮಾರಿಗೆ ಹಂಚಿಕೊಂಡು ಬಂದಿತ್ತು. ಆಮೇಲೆ 2007ರಲ್ಲಿ, 17ನೇ ಕ್ರೋಮೊಸೋಮಿನ ಒಂದು ಜಾಗಕ್ಕೂ ಬಾಲ್ಯದ ಅಸ್ತಮಾಗೂ ಗಟ್ಟಿ ನಂಟು ಸಿಕ್ಕಿತು. ಆದರೆ ಅಸ್ತಮಾಗೆ 'ಒಂದು ಜೀನ್' ಅಂತ ಇಲ್ಲ. ಹತ್ತಾರು ಜೀನ್‌ಗಳು ಒಂದೊಂದೂ ಚೂರು ಚೂರು ತಳ್ಳುತ್ತವೆ.

ಆ ತಳ್ಳುವಿಕೆಯ ಒಂದು ದಾರಿ ಅಲರ್ಜಿ. ನಮ್ಮ ದೇಹದ ಕಾವಲುಪಡೆ ಹೊಟ್ಟೆಹುಳದಂಥ ಶತ್ರುವಿಗೆ ಇಟ್ಟುಕೊಂಡ ಆಯುಧವನ್ನು ಧೂಳಿನ ಮೇಲೆ ಬಿಡುತ್ತದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಂತಾರಲ್ಲ, ಹಾಗೆ. ಆ ಆಯುಧದ ಹೆಸರು ಐಜಿಇ. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿದ್ದ ಇಶಿಜಾಕಾ ದಂಪತಿ ಮತ್ತು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1964ರಲ್ಲಿ, ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಮನೆಯ ಧೂಳಿನ ಅಲರ್ಜಿಗೆ ಕಾರಣ ಕಣ್ಣಿಗೆ ಕಾಣದ ಒಂದು ಪುಟ್ಟ ಹುಳ ಎಂದು ಗೊತ್ತಾಯಿತು. ಹಾಸಿಗೆ ದಿಂಬಿನಲ್ಲಿ, ನಮ್ಮ ಚರ್ಮದ ಹೊಟ್ಟು ತಿಂದುಕೊಂಡು ಬದುಕುವ ಹುಳ. ತೊಂದರೆ ಕೊಡುವುದು ಹೆಚ್ಚಾಗಿ ಅದರ ಹಿಕ್ಕೆ. ಅದರಲ್ಲಿರುವ ಒಂದು ಪ್ರೋಟೀನ್ ಉಸಿರುನಾಳದ ಪದರವನ್ನೇ ಕತ್ತರಿಸಿ ದಾರಿ ಮಾಡಿಕೊಳ್ಳುತ್ತದೆ.

ಹಾಗಾದರೆ ಹಾಸಿಗೆಗೆ ಹುಳ ನುಸುಳದ ಕವರ್ ಹಾಕಿದರೆ ಮುಗಿಯಿತಲ್ಲ? ಎಲ್ಲರೂ ಹಾಗೇ ಅಂದುಕೊಂಡಿದ್ದರು. 2003ರಲ್ಲಿ 1,122 ದೊಡ್ಡವರ ಮೇಲೆ ಪ್ರಯೋಗ ಮಾಡಿ ನೋಡಿದರು. ನಿಜವಾದ ಕವರ್ ಹಾಕಿದವರಿಗೂ ಸುಮ್ನೆ ತೋರಿಕೆಯ ಕವರ್ ಹಾಕಿದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಹುಳಕ್ಕೆ ಅಲರ್ಜಿ ಇರುವ ಮಕ್ಕಳಲ್ಲಿ ಆಮೇಲೆ ಸ್ವಲ್ಪ ಉಪಯೋಗ ಕಂಡಿದೆ. ಆದರೆ ಈ ಒಂದು ಕವರ್ ನಂಬಿಕೊಂಡು ಔಷಧಿ ಬಿಡುವುದು ಬೇಡ.

ಇನ್ನು ನನಗೆ ಅತ್ಯಂತ ಕುತೂಹಲ ಹುಟ್ಟಿಸುವ ಭಾಗಕ್ಕೆ ಬರುತ್ತೇನೆ. 1989ರಲ್ಲಿ ಡೇವಿಡ್ ಸ್ಟ್ರಾಚನ್ ಎಂಬ ಬ್ರಿಟಿಷ್ ಸಂಶೋಧಕರು 17,414 ಮಕ್ಕಳ ದಾಖಲೆ ನೋಡಿ ಒಂದು ಮಾತು ಹೇಳಿದರು: ಮನೆಯಲ್ಲಿ ಅಣ್ಣ ಅಕ್ಕಂದಿರು ಜಾಸ್ತಿ ಇದ್ದಷ್ಟೂ ಪರಾಗದ ಅಲರ್ಜಿ ಕಡಿಮೆ. ದೊಡ್ಡ ಮಕ್ಕಳು ಹೊರಗಿನಿಂದ ತರುವ ಸೋಂಕು ಚಿಕ್ಕವರನ್ನು ಪಳಗಿಸುತ್ತದೆಯೇ? ಜರ್ಮನಿ ಒಂದಾದ ಮೇಲೆ ಎರಿಕಾ ಫಾನ್ ಮ್ಯುಟಿಯಸ್ ಪೂರ್ವ, ಪಶ್ಚಿಮ ಭಾಗದ ಮಕ್ಕಳನ್ನು ಹೋಲಿಸಿದರು. ಕಲ್ಲಿದ್ದಲ ಹೊಗೆ ತುಂಬಿದ್ದ ಪೂರ್ವದಲ್ಲಿ ಅಸ್ತಮಾ ಜಾಸ್ತಿ ಇರಬೇಕು ಅಂತ ಅವರ ನಿರೀಕ್ಷೆ. ಸಿಕ್ಕಿದ್ದು ಉಲ್ಟಾ. ಪೂರ್ವದಲ್ಲೇ ಕಡಿಮೆ ಇತ್ತು.

2016ರಲ್ಲಿ ಬಂದ ಇನ್ನೊಂದು ಅಧ್ಯಯನ ಇದಕ್ಕೆ ಇನ್ನಷ್ಟು ಹತ್ತಿರ ಹೋಯಿತು. ಅಮೆರಿಕದಲ್ಲಿ ಆಮಿಷ್, ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳಿವೆ. ಇಬ್ಬರ ಮೂಲವೂ ಯುರೋಪಿನ ಆಲ್ಪ್ಸ್ ಪರ್ವತದ ಕಡೆಯದು, ಜೀನ್‌ಗಳಲ್ಲಿ ಬಹಳ ಹೋಲಿಕೆ. ದೊಡ್ಡ ಕುಟುಂಬ, ಊಟ, ಟಿವಿಯಿಂದ ದೂರ ಇರುವುದು, ಎಲ್ಲ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಒಂದೇ ಕಡೆ. ಆಮಿಷ್ ಜನ ಕುದುರೆ ಕಟ್ಟಿ ಉಳುತ್ತಾರೆ, ಕೊಟ್ಟಿಗೆ ಮನೆ ಪಕ್ಕದಲ್ಲೇ, ಮಕ್ಕಳು ಅಲ್ಲೇ ಆಡುತ್ತಾರೆ. ಹಟರೈಟ್ ಜನರದು ದೊಡ್ಡ ಯಂತ್ರದ ಬೇಸಾಯ, ಕೊಟ್ಟಿಗೆ ಮನೆಯಿಂದ ದೂರ. ಶಾಲಾ ಮಕ್ಕಳಲ್ಲಿ ಅಸ್ತಮಾ ಆಮಿಷ್‌ರಲ್ಲಿ 5.2 ಶೇಕಡಾ, ಹಟರೈಟ್‌ರಲ್ಲಿ 21.3 ಶೇಕಡಾ. ಸಂಶೋಧಕರು ಎರಡೂ ಕಡೆಯ ಮನೆಗಳ ಧೂಳು ತಂದು ಇಲಿಗಳ ಮೂಗಿಗೆ ಹಾಕಿದರು. ಆಮಿಷ್ ಮನೆಯ ಧೂಳು ಇಲಿಗಳನ್ನು ಅಸ್ತಮಾದಿಂದ ಕಾಪಾಡಿತು. ಇನ್ನೊಂದು ಕಾಪಾಡಲಿಲ್ಲ. ಕೊಟ್ಟಿಗೆಯ ಬ್ಯಾಕ್ಟೀರಿಯಾಗಳ ಚೂರುಪಾರು ಎಳೆಯ ಕಾವಲುಪಡೆಗೆ ಯಾರು ಶತ್ರು, ಯಾರು ಅಲ್ಲ ಅಂತ ಪಾಠ ಹೇಳುತ್ತವೆ ಎನ್ನುವುದು ಈಗಿನ ತಿಳಿವಳಿಕೆ.

ಇದನ್ನು ಓದಿ ಮನೆ ಗುಡಿಸುವುದು ಬಿಡಬೇಡಿ. ಈಗಾಗಲೇ ಅಸ್ತಮಾ ಇರುವವರಿಗೆ ಧೂಳು ಮದ್ದಲ್ಲ, ಕಿಡಿ. ಪಾಠ ನಡೆಯುವುದು ಬಾಲ್ಯದ ಮೊದಲ ವರ್ಷಗಳಲ್ಲಿ, ಗರ್ಭದಲ್ಲಿರುವಾಗಲೂ ಇರಬಹುದು.

ಹೊಗೆಯ ವಿಷಯಕ್ಕೆ ಇಂಥ ಗೊಂದಲ ಇಲ್ಲ. ತಾಯಿ ಬಸುರಿಯಾಗಿದ್ದಾಗ ಸೇದಿದರೆ, ಮನೆಯಲ್ಲಿ ಯಾರಾದರೂ ಸೇದಿದರೆ ಮಗುವಿಗೆ ಅಪಾಯ ಏರುತ್ತದೆ. ಸ್ಕಾಟ್ಲೆಂಡಿನಲ್ಲಿ 2006ರಲ್ಲಿ ಸಾರ್ವಜನಿಕ ಕಟ್ಟಡಗಳ ಒಳಗೆ ಧೂಮಪಾನ ನಿಷೇಧಿಸಿದರು. ಅದಕ್ಕೆ ಮೊದಲು ಅಸ್ತಮಾದಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ವರ್ಷಕ್ಕೆ 5.2 ಶೇಕಡಾ ಏರುತ್ತಿತ್ತು. ಆಮೇಲೆ ವರ್ಷಕ್ಕೆ 18.2 ಶೇಕಡಾ ಇಳಿಯತೊಡಗಿತು. ವಾಹನದ ಹೊಗೆಯೂ ಅಷ್ಟೇ. ಲಂಡನ್ನಿನ ದಟ್ಟ ಸಂಚಾರದ ರಸ್ತೆ ಪಕ್ಕದಲ್ಲಿ ವಾಸವಿದ್ದ 9 ವರ್ಷದ ಹುಡುಗಿ 2013ರಲ್ಲಿ ಅಸ್ತಮಾದಿಂದ ತೀರಿಕೊಂಡಳು. ಅವಳ ಸಾವಿಗೆ ವಾಯುಮಾಲಿನ್ಯವೂ ಒಂದು ಕಾರಣ ಎಂದು 2020ರಲ್ಲಿ ಅಧಿಕೃತವಾಗಿ ದಾಖಲಾಯಿತು. ಕೆಲಸದ ಜಾಗದಲ್ಲಿ ಸಿಗುವ ಹಿಟ್ಟಿನ ಧೂಳು, ಮರದ ಪುಡಿ, ಪೇಂಟಿನ ಐಸೊಸೈನೇಟ್ ಕೂಡ ದೊಡ್ಡವರಿಗೆ ಹೊಸದಾಗಿ ಅಸ್ತಮಾ ತರಬಲ್ಲವು. ರಜೆಯಲ್ಲಿ ಆರಾಮ, ಕೆಲಸಕ್ಕೆ ಹೋದ ಕೂಡಲೇ ಕೆಮ್ಮು ಅಂತಿದ್ದರೆ ಡಾಕ್ಟರಿಗೆ ಅದನ್ನು ಹೇಳಲೇಬೇಕು. ತೂಕ ಜಾಸ್ತಿ ಇರುವುದೂ ಅಪಾಯ ಏರಿಸುತ್ತದೆ.

ಬಂದರಿನ ಪತ್ತೇದಾರಿ ಕಥೆ

1981ರಿಂದ 1987ರವರೆಗೆ ಸ್ಪೇನ್‌ನ ಬಾರ್ಸಿಲೋನಾ ನಗರದಲ್ಲಿ ಆಗಾಗ ಒಂದೊಂದು ದಿನ ವಿಚಿತ್ರ ನಡೆಯುತ್ತಿತ್ತು. ಬೆಳಗ್ಗೆ ಎಲ್ಲ ಸರಿಯಿರುತ್ತಿತ್ತು. ಕೆಲವೇ ಗಂಟೆಗಳಲ್ಲಿ ಉಸಿರಾಡಲಾಗದ ಜನ ತುರ್ತು ವಿಭಾಗಗಳಿಗೆ ನುಗ್ಗುತ್ತಿದ್ದರು. ಸಂಜೆಗೆ ಮತ್ತೆ ಶಾಂತ. ಅಂಥ 26 ದಿನಗಳು ಲೆಕ್ಕಕ್ಕೆ ಸಿಕ್ಕವು. ಮೊದಲು ಎಲ್ಲರೂ ವಾಹನದ ಹೊಗೆ ಅಂದರು. ಜೋಸೆಪ್ ಆಂಟೊ, ಜೋರ್ಡಿ ಸುನ್ಯೆರ್ ಮತ್ತು ಜೊತೆಗಾರರು ರೋಗಿಗಳು ಎಲ್ಲಿದ್ದಾಗ ಹೀಗಾಯಿತು ಅಂತ ನಕ್ಷೆಯಲ್ಲಿ ಗುರುತು ಹಾಕುತ್ತಾ ಹೋದರು. ಗುರುತುಗಳು ಬಂದರಿನ ಸುತ್ತ ಗುಂಪುಗೂಡಿದವು. ಆಮೇಲೆ ಯಾವ ದಿನ ಯಾವ ಹಡಗಿನಿಂದ ಏನು ಇಳಿಸಿದರು ಎಂಬ ಪಟ್ಟಿ ತರಿಸಿದರು. ಆ ಎಲ್ಲ ದಿನಗಳಲ್ಲೂ ಸೋಯಾಬೀನ್ ಇಳಿದಿತ್ತು.

ಕಾಳು ತುಂಬಿಡುವ ಒಂದು ಎತ್ತರದ ಕಣಜಕ್ಕೆ ಧೂಳು ತಡೆಯುವ ಫಿಲ್ಟರ್ ಇರಲಿಲ್ಲ. ಗಾಳಿ ಕಡಿಮೆ ಇದ್ದ ದಿನ ಸೋಯಾ ಸಿಪ್ಪೆಯ ಧೂಳು ನಗರದ ಮೇಲೆ ಇಳಿಯುತ್ತಿತ್ತು. ರೋಗಿಗಳ ರಕ್ತದಲ್ಲಿ ಸೋಯಾ ವಿರುದ್ಧದ ಐಜಿಇ ಸಿಕ್ಕಿತು. ಫಿಲ್ಟರ್ ಹಾಕಿದರು. ಆ ವಿಚಿತ್ರ ದಿನಗಳು ನಿಂತವು. ಆರು ವರ್ಷ ಡಾಕ್ಟರುಗಳು ಆಸ್ಪತ್ರೆಯಲ್ಲಿ ಹೋರಾಡಿದ ಕಾಯಿಲೆಗೆ ಪರಿಹಾರ ಇದ್ದದ್ದು ಬಂದರಿನ ಒಂದು ಚೀಲದ ಫಿಲ್ಟರಿನಲ್ಲಿ.

ಮೆಲ್ಬೋರ್ನ್‌ನಲ್ಲಿ ಇದಕ್ಕಿಂತ ಭೀಕರವಾದದ್ದು ನಡೆಯಿತು. 2016ರ ನವೆಂಬರ್ 21ರ ಸಂಜೆ ಗುಡುಗು ಮಳೆ ಬಂತು. ಮುಂದಿನ ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಉಸಿರಿಗಾಗಿ ಆಸ್ಪತ್ರೆಗೆ ಓಡಿದರು. 10 ಜನ ಸತ್ತರು. ಹುಲ್ಲಿನ ಪರಾಗದ ಕಾಳು ದೊಡ್ಡದು, ಸಾಮಾನ್ಯವಾಗಿ ಮೂಗಿನಲ್ಲೇ ನಿಂತುಬಿಡುತ್ತದೆ. ಬಿರುಗಾಳಿಯ ತೇವದಲ್ಲಿ ಅದು ಒಡೆದು ನೂರಾರು ಸಣ್ಣ ಕಣಗಳಾಗಿ, ಶ್ವಾಸಕೋಶದ ತಳದವರೆಗೂ ಇಳಿಯಿತು. ಆಸ್ಪತ್ರೆ ಸೇರಿದ ಎಷ್ಟೋ ಜನರಿಗೆ ಅಸ್ತಮಾ ಇದೆ ಅಂತ ಯಾರೂ ಹೇಳಿರಲೇ ಇಲ್ಲ. ಮೂಗು ಸೋರುವ ಅಲರ್ಜಿ ಮಾತ್ರ ಇತ್ತು.

ದಿನನಿತ್ಯದ ಕಿಡಿ ಮಾತ್ರ ಇಷ್ಟು ನಾಟಕೀಯವಲ್ಲ. ಅದು ಮಾಮೂಲಿ ನೆಗಡಿ. 1995ರಲ್ಲಿ ಇಂಗ್ಲೆಂಡಿನ ಶಾಲಾ ಮಕ್ಕಳಲ್ಲಿ ನೋಡಿದಾಗ, ಅಸ್ತಮಾ ಕೆರಳಿದ 80ರಿಂದ 85 ಶೇಕಡಾ ಸಲ ಯಾವುದಾದರೂ ವೈರಸ್ ಸಿಕ್ಕಿತು, ಹೆಚ್ಚಾಗಿ ನೆಗಡಿಯ ರೈನೊವೈರಸ್. ರಜೆ ಮುಗಿದು ಶಾಲೆ ತೆರೆದ ಕೆಲವು ವಾರಗಳಲ್ಲಿ ಆಸ್ಪತ್ರೆಗೆ ಬರುವ ಮಕ್ಕಳು ಹೆಚ್ಚುವುದಕ್ಕೆ ಇದೇ ಮುಖ್ಯ ಕಾರಣ.

ಒಂದೇ ಹೆಸರು, ಹಲವು ಕಾಯಿಲೆ

ಒಳಪದರದ ಊತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಪಾತ್ರ ದೊಡ್ಡದು ಅಂತ ಗೊತ್ತಿತ್ತು. ಅವುಗಳನ್ನು ಕರೆಸುವ ಸಂದೇಶಕ್ಕೆ ಐಎಲ್-5 ಅಂತ ಹೆಸರು. ಆ ಸಂದೇಶವನ್ನೇ ತಡೆದರೆ? ಮೆಪೊಲಿಜುಮ್ಯಾಬ್ ಎಂಬ ಇಂಜೆಕ್ಷನ್ ಹುಟ್ಟಿದ್ದು ಹೀಗೆ. 2000ದಲ್ಲಿ ಬಂದ ಪ್ರಯೋಗದ ಫಲಿತಾಂಶ ಎಲ್ಲರ ಉತ್ಸಾಹಕ್ಕೆ ತಣ್ಣೀರೆರಚಿತು. ಕಣಗಳೇನೋ ಕಡಿಮೆಯಾದವು, ರೋಗಿಗಳಿಗೆ ಉಪಯೋಗ ಕಾಣಲಿಲ್ಲ. ಔಷಧಿ ಕಸದ ಬುಟ್ಟಿ ಸೇರುವುದರಲ್ಲಿತ್ತು.

ಕೆಲವರು ಪಟ್ಟು ಬಿಡಲಿಲ್ಲ. ಎಲ್ಲರಿಗೂ ಕೊಡುವ ಬದಲು, ಇಯೊಸಿನೊಫಿಲ್ ಜಾಸ್ತಿ ಇದ್ದು ಪದೇ ಪದೇ ಅಸ್ತಮಾ ಕೆರಳುವವರಿಗೆ ಮಾತ್ರ ಕೊಟ್ಟು ನೋಡಿದರು. 2009ರಲ್ಲಿ ಬಂದ ಒಂದು ಪ್ರಯೋಗದಲ್ಲಿ, ಸುಳ್ಳು ಮದ್ದು ತೆಗೆದುಕೊಂಡವರಿಗೆ ವರ್ಷಕ್ಕೆ ಸರಾಸರಿ 3.4 ಸಲ ಜೋರಾಗಿ ಕೆರಳಿದರೆ, ಇಂಜೆಕ್ಷನ್ ಪಡೆದವರಿಗೆ 2 ಸಲ. ಅದೇ ಔಷಧಿ, ಬೇರೆ ಜನ. 2015ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಈಗ ಈ ಬಗೆಯ ಹಲವು ಇಂಜೆಕ್ಷನ್‌ಗಳಿವೆ. ತೀವ್ರ ಅಸ್ತಮಾ ಇರುವವರಿಗೆ ರಕ್ತ ಪರೀಕ್ಷೆ, ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಪರೀಕ್ಷೆ ಮಾಡಿ ಯಾವ ಬಗೆಯ ಊತ ಅಂತ ನೋಡಿ ಆರಿಸುತ್ತಾರೆ. ದುಬಾರಿ, ಎಲ್ಲರಿಗೂ ಬೇಕಿಲ್ಲ. ಇಯೊಸಿನೊಫಿಲ್ ಇಲ್ಲದ ಅಸ್ತಮಾಗೆ ಇಂಥ ಒಳ್ಳೆಯ ಆಯ್ಕೆಗಳು ಇನ್ನೂ ಕಡಿಮೆ.

ಇದರ ಇನ್ನೊಂದು ಮುಖವೂ ಇದೆ. ಅಸ್ತಮಾ ಅಂತ ಹಣೆಪಟ್ಟಿ ಹಚ್ಚಿಕೊಂಡವರಿಗೆಲ್ಲ ಅಸ್ತಮಾ ಇರುವುದಿಲ್ಲ. ಕೆನಡಾದಲ್ಲಿ ಡಾಕ್ಟರು ಅಸ್ತಮಾ ಅಂತ ಹೇಳಿದ್ದ 613 ದೊಡ್ಡವರನ್ನು ಮತ್ತೆ ಸರಿಯಾಗಿ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಹೇಳಿದರು. ಮೂರರಲ್ಲಿ ಒಬ್ಬರಿಗೆ ಆಗ ಅಸ್ತಮಾ ಇರಲಿಲ್ಲ. ಊದಿಸಿ ನೋಡುವ ಸ್ಪೈರೊಮೆಟ್ರಿ ಮಾಡದೆ ವರ್ಷಗಟ್ಟಲೆ ಪಂಪ್ ಬಳಸುತ್ತಿದ್ದರೆ ಒಮ್ಮೆ ಕೇಳುವುದು ಒಳ್ಳೆಯದು.

ಹತೋಟಿ ಅಂದರೆ ಏನು

ಅಸ್ತಮಾವನ್ನು ಬುಡಸಮೇತ ಕಿತ್ತುಹಾಕುವ ಮದ್ದು ಇನ್ನೂ ಇಲ್ಲ. ಇನ್ಹೇಲರ್ ಸ್ಟೀರಾಯ್ಡ್ ಕೆಂಡದ ಮೇಲೆ ನೀರು ಚಿಮುಕಿಸುತ್ತದೆ, ಒಲೆಯನ್ನೇ ಕೀಳುವುದಿಲ್ಲ. ನಿಲ್ಲಿಸಿದರೆ ಮತ್ತೆ ಕಾವು ಏರುತ್ತದೆ. ಆದರೆ ಹತೋಟಿಯಲ್ಲಿದ್ದರೆ ರಾತ್ರಿ ನಿದ್ದೆ ಕೆಡಬಾರದು, ಓಡಾಟಕ್ಕೆ ತಡೆ ಇರಬಾರದು, ಆರಾಮದ ಪಂಪ್ ಅಪರೂಪಕ್ಕೆ ಬೇಕಾಗಬೇಕು. 'ಅಸ್ತಮಾ ಅಂದಮೇಲೆ ಇಷ್ಟೆಲ್ಲ ಇರುತ್ತೆ ಬಿಡಿ' ಅಂತ ಒಗ್ಗಿಕೊಂಡವರೇ ಜಾಸ್ತಿ. ಅದಕ್ಕೆ ಒಗ್ಗಿಕೊಳ್ಳಬೇಕಿಲ್ಲ. ಫಿನ್‌ಲೆಂಡ್ 1994ರಿಂದ ಹತ್ತು ವರ್ಷ ದೇಶವ್ಯಾಪಿ ಕಾರ್ಯಕ್ರಮ ನಡೆಸಿತು. ಬೇಗ ಗುರುತಿಸು, ಮೊದಲೇ ಊತಕ್ಕೆ ಮದ್ದು ಕೊಡು, ರೋಗಿಗೆ ಕಲಿಸು ಅನ್ನುವುದು ಅದರ ತಿರುಳು. ಅಸ್ತಮಾ ರೋಗಿಗಳು ಆಸ್ಪತ್ರೆಯಲ್ಲಿ ಕಳೆಯುವ ದಿನಗಳು ಅರ್ಧಕ್ಕಿಂತ ಕೆಳಗೆ ಇಳಿದವು. ಆಗ ಹೊಸ ಅದ್ಭುತ ಔಷಧಿ ಏನೂ ಬಂದಿರಲಿಲ್ಲ.

ಸ್ಟೀರಾಯ್ಡ್ ಅಂದ ಕೂಡಲೇ ಹೆದರುವವರು ಬಹಳ. ಹೆದರಿಕೆ ಪೂರ್ತಿ ಸುಳ್ಳಲ್ಲ. ಬಾಲ್ಯದಲ್ಲಿ ನಾಲ್ಕಾರು ವರ್ಷ ಬ್ಯುಡೆಸೊನೈಡ್ ಎಳೆದುಕೊಂಡ ಮಕ್ಕಳು ದೊಡ್ಡವರಾದಾಗ ಸರಾಸರಿ 1.2 ಸೆಂಟಿಮೀಟರ್ ಕುಳ್ಳಗಿದ್ದರು ಅಂತ 2012ರಲ್ಲಿ ಗೊತ್ತಾಯಿತು. ಒಂದು ಬೆರಳಿನ ಅಗಲಕ್ಕಿಂತ ಕಡಿಮೆ. ಇನ್ನೊಂದು ತಕ್ಕಡಿಯಲ್ಲಿ ಏನಿದೆ ನೋಡಿ. ಅಸ್ತಮಾ ಜೋರಾಗಿ ಕೆರಳಿದಾಗ ಕೊಡುವ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ ಇರಬಹುದು. ಇನ್ಹೇಲರಿನ ಒಂದು ಎಳೆತದಲ್ಲಿ 200 ಮೈಕ್ರೊಗ್ರಾಂ. ಔಷಧಿ ಬೇರೆ ಬೇರೆ, ಶಕ್ತಿಯೂ ಬೇರೆ, ನೇರವಾಗಿ ತೂಗಲಾಗದು. ಆದರೂ ಅಳತೆಯಲ್ಲಿ 200 ಪಟ್ಟು ಅಂತರ. ಇನ್ಹೇಲರ್ ತಪ್ಪಿಸಿ ಪದೇ ಪದೇ ಮಾತ್ರೆ ನುಂಗುವಂತಾದರೆ ಯಾವುದಕ್ಕೆ ಹೆದರಿದ್ದೆವೋ ಅದನ್ನೇ ಕೈಯಾರೆ ಕರೆದಂತೆ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ನಾಲಿಗೆಗೆ ಬಿಳಿ ಕಟ್ಟುವುದೂ ತಪ್ಪುತ್ತದೆ.

ಎಳೆದುಕೊಳ್ಳುವ ರೀತಿಯ ಬಗ್ಗೆ ನನ್ನದೇ ಕಥೆ ಇದೆ. ನನಗೂ ಅಸ್ತಮಾ ಇದೆ. ಎಂಟು ವರ್ಷ ಪಂಪ್ ಬಳಸಿದ ಮೇಲೆ ಒಬ್ಬ ನರ್ಸ್ 'ಹೇಗೆ ತಗೋತೀರಾ, ಒಂದ್ಸಲ ತೋರಿಸಿ' ಅಂದರು. ತೋರಿಸಿದೆ. ಅವರು ಏನೂ ಹೇಳದೆ ಗೋಡೆಯ ಕನ್ನಡಿ ಮುಂದೆ ನಿಲ್ಲಿಸಿ, ಇನ್ನೊಮ್ಮೆ ಅಂದರು. ಒತ್ತಿದೆ. ಮೂಗಿನ ಮುಂದೆ ಬಿಳಿ ಮಂಜು ತೇಲಿಹೋಯಿತು. ನನ್ನ ಔಷಧಿ ಅದು, ಕನ್ನಡಿಗೆ ಹೋಗುತ್ತಿತ್ತು. ಮೊದಲು ಒತ್ತಿ ಆಮೇಲೆ ಎಳೆಯುತ್ತಿದ್ದೆ, ಅದೂ ಗಬಕ್ಕನೆ. ಅವರು ಹೇಳಿಕೊಟ್ಟರು: ಚೆನ್ನಾಗಿ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ನಿಧಾನಕ್ಕೆ ಎಳೆಯಲು ಶುರು ಮಾಡಿದ ಕ್ಷಣವೇ ಒತ್ತಿ, ಎಳೆಯುತ್ತಾ ಹೋಗಿ, ಆಮೇಲೆ ಹತ್ತು ಎಣಿಸುವವರೆಗೆ ಹಿಡಿದುಕೊಳ್ಳಿ. ಕೊನೆಗೆ ಒಂದು ಸ್ಪೇಸರ್ ಕೈಗಿಟ್ಟರು. ಬರೀ ಟೊಳ್ಳು ಪ್ಲಾಸ್ಟಿಕ್ ಡಬ್ಬಿ. ಔಷಧಿ ಅದರೊಳಗೆ ನಿಂತಿರುತ್ತದೆ, ನಾವು ನಿಧಾನಕ್ಕೆ ಎಳೆದುಕೊಳ್ಳಬಹುದು. ಪುಡಿ ರೂಪದ ಇನ್ಹೇಲರ್ ಆದರೆ ಲೆಕ್ಕ ಬೇರೆ, ಅದನ್ನು ಜೋರಾಗಿ, ಆಳವಾಗಿ ಎಳೆಯಬೇಕು. ನನಗೊಬ್ಬನಿಗೇ ಆದ ಪೆದ್ದುತನ ಅಂದುಕೊಂಡಿದ್ದೆ. ನಲವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟು ಸೇರಿಸಿದ ಒಂದು ವಿಮರ್ಶೆ 2016ರಲ್ಲಿ ಬಂತು. ಸರಿಯಾಗಿ ಬಳಸುವವರು ಮೂರರಲ್ಲಿ ಒಬ್ಬರಿಗಿಂತ ಕಡಿಮೆ, ಅಷ್ಟು ವರ್ಷದಲ್ಲಿ ಸುಧಾರಣೆ ಏನೂ ಆಗಿರಲಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ, ಪಂಪ್ ಒತ್ತಿದರೂ ಆರಾಮ ಸಿಗದಿದ್ದರೆ ಅಥವಾ ಸಿಕ್ಕ ಆರಾಮ ಬೇಗ ಹೋಗುತ್ತಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಸುಯ್ ಸದ್ದು ಇದ್ದಕ್ಕಿದ್ದಂತೆ ನಿಂತು ಆಯಾಸ ಹಾಗೇ ಇದ್ದರೆ ಅದು ಗುಣದ ಲಕ್ಷಣ ಅಲ್ಲ. ಸದ್ದು ಮಾಡಲೂ ಗಾಳಿ ಸಾಲುತ್ತಿಲ್ಲ ಅಂತ ಅರ್ಥ.

ಸ್ನಾಯುವಿನ ಬಗ್ಗೆ ಇನ್ನೊಂದು ಹೊಸ ಸುದ್ದಿ ಇದೆ. ಊತದಿಂದ ಸ್ನಾಯು ಹಿಂಡುತ್ತದೆ ಎಂಬುದು ಹಳೆಯ ಪಾಠ. 2024ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಜೋಡಿ ರೋಸೆನ್‌ಬ್ಲಾಟ್ ಅವರ ತಂಡ ಉಲ್ಟಾ ದಾರಿಯನ್ನೂ ತೋರಿಸಿತು. ಕೊಳವೆ ಹಿಂಡಿದಾಗ ಒಳಪದರದ ಜೀವಕೋಶಗಳು ಒಂದಕ್ಕೊಂದು ಒತ್ತಿಕೊಂಡು, ನೂಕುನುಗ್ಗಲಿನಲ್ಲಿ ಜನ ಹೊರಗೆ ಬೀಳುವ ಹಾಗೆ ಪದರದಿಂದ ಚಿಮ್ಮಿ ಹೊರಬೀಳುತ್ತವೆ. ಪದರ ಹರಿಯುತ್ತದೆ, ಮತ್ತೆ ಊತ ಏರುತ್ತದೆ. ಅಂದರೆ ಒಂದು ಉಬ್ಬಸವೇ ಮುಂದಿನ ಉಬ್ಬಸಕ್ಕೆ ನೆಲ ಹದ ಮಾಡುತ್ತದೆ. ಹಿಂಡುವುದನ್ನು ಆಮೇಲೆ ಸಡಿಲಿಸಿದರೆ ಈ ಗಾಯ ನಿಲ್ಲುವುದಿಲ್ಲ. ಕೋಶಗಳು ಹೊರಬೀಳುವುದನ್ನೇ ತಡೆಯುವ ಮದ್ದಿಗಾಗಿ ಹುಡುಕಾಟ ನಡೆದಿದೆ. ಇಲಿಗಳಲ್ಲಿ ಭರವಸೆ ಮೂಡಿದೆ, ಮನುಷ್ಯರಿಗೆ ಇನ್ನೂ ದೂರ.

ಅಲ್ಲಿಯವರೆಗೆ ನನ್ನ ಮೇಜಿನ ಮೇಲೆ ಒಂದು ಪೀಕ್ ಫ್ಲೋ ಮೀಟರ್ ಇದೆ. 1959ರಲ್ಲಿ ಮಾರ್ಟಿನ್ ರೈಟ್ ಎಂಬುವರು ಮಾಡಿದ ಉಪಕರಣದ ಈಗಿನ ಅಗ್ಗದ ರೂಪ. ಎದೆ ತುಂಬ ಎಳೆದು ಒಂದೇ ರಭಸಕ್ಕೆ ಊದಿದರೆ ಮುಳ್ಳು ಒಂದು ಸಂಖ್ಯೆಗೆ ಹೋಗಿ ನಿಲ್ಲುತ್ತದೆ. ನನ್ನದು ಚೆನ್ನಾಗಿರುವ ದಿನ 430. ಹೋದ ತಿಂಗಳು ಒಂದು ಬೆಳಗ್ಗೆ 370 ಬಂತು. ಸರಿಯಾಗಿ ಊದಲಿಲ್ಲವೇನೋ ಅಂತ ಮತ್ತೆ ಎರಡು ಸಲ ಊದಿದೆ. 370. ಕೆಮ್ಮು ಇಲ್ಲ, ಸದ್ದು ಇಲ್ಲ, ಮೂರು ಮಹಡಿ ಹತ್ತಿ ಬಂದರೂ ಏನೂ ಅನ್ನಿಸಿರಲಿಲ್ಲ. ಮಾರನೇ ದಿನ 335. ಡಾಕ್ಟರು ಬರೆದುಕೊಟ್ಟ ಹಾಳೆ ತೆಗೆದು, ಅದರಲ್ಲಿದ್ದ ಹಾಗೆ ಇನ್ಹೇಲರ್ ಹೆಚ್ಚಿಸಿದೆ. ಮೂರನೇ ದಿನ ಮೂಗು ಸೋರಲು ಶುರುವಾಯಿತು.